ಹಿಂದಿನ ಸೀಟಿನ ಅಕ್ಕಿಮೂಟೆ

ಕದ್ರಿ, ಮಂಗಳೂರು
5 ನವೆಂಬರ್ 2024

ಉಮರಬ್ಬ,

ನಿನ್ನ ಹೆಸರಿನ ಮೊದಲು ‘ಪ್ರಿಯ’ ಎಂದು ಬರೆದೆ, ಆಮೇಲೆ ಹೊಡೆದು ಹಾಕಿದೆ. ಮಸಿಯ ಗುರುತು ಕಂಡರೆ ತಪ್ಪು ತಿಳಿಯಬೇಡ. ಹದಿನೇಳು ವರ್ಷ ಮಾತಿಲ್ಲದವನಿಗೆ ಕಾಗದ ಬರೆಯುವಾಗ ಯಾವ ಬಾಗಿಲಿನಿಂದ ಒಳಗೆ ಹೋಗುವುದೆಂದು ತಿಳಿಯುವುದಿಲ್ಲ.

ನಿನ್ನ ಮಗ ಸುಹೈಬನಿಗೆ ಫೋನು ಮಾಡಿದ್ದೆ. ‘ಬಾಪನಿಗೆ ಫೋನಿನಲ್ಲಿ ಎಂತದೂ ಕೇಳುವುದಿಲ್ಲ ಅಂಕಲ್. ಮೊಬೈಲಿನಲ್ಲಿ ಬರೆದರೆ ಅಕ್ಷರ ಸಣ್ಣ ಅಂತ ನನಗೆ ಬೈತಾರೆ. ನೀವು ಕಾಗದ ಹಾಕಿ’ ಎಂದ. ಗ್ಯಾರೇಜು ಈಗ ಅವನೇ ನೋಡುತ್ತಾನಂತೆ, ನೀನು ಮನೆಯ ಹಿಂದೆ ಕೂತು ಬೈಕಿನ ಕುಲುಕಾಟ ತಡೆಯುವ ಶಾಕಪ್ಪಿನ ಕೆಲಸ ಮಾತ್ರ ಮಾಡುತ್ತೀಯಂತೆ. ನನಗೆ ಬೇಕಾದದ್ದೂ ಅದೇ.

ನನ್ನ ಹಳೆಯ ಬೈಕು ಇನ್ನೂ ಉಂಟು. ಎರಡು ವರ್ಷದ ಹಿಂದೆ, ಮಳೆ ಬಿಟ್ಟ ಮೇಲೆ, ನಂತೂರಿನ ಹತ್ತಿರ ಹಿಂದಿನ ಚಕ್ರ ಒಂದು ಹೊಂಡಕ್ಕೆ ಇಳಿಯಿತು. ಹಿಂದೆ ಶಶಿಪ್ರಭಾ ಇದ್ದಳು. ಬೆನ್ನು ಹಿಡಿದು ಎಂಟು ತಿಂಗಳು ಮಲಗಿದಳು. ಈಗ ನಡೆಯುತ್ತಾಳೆ, ಮೆಟ್ಟಿಲು ಹತ್ತುತ್ತಾಳೆ. ‘ಕುಲುಕಾಟ ಇಲ್ಲದಿದ್ದರೆ ಬೈಕಿನಲ್ಲಿ ಕೂರಬಹುದು’ ಎಂದು ಡಾಕ್ಟರೇ ಹೇಳಿದ್ದಾರೆ. ಅವಳು ಮಾತ್ರ ‘ನೋಡುವ’ ಎನ್ನುತ್ತಾಳೆ. ಅವಳ ‘ನೋಡುವ’ಕ್ಕೆ ಎಂತ ಅರ್ಥವೆಂದು ನಿನಗೂ ಗೊತ್ತುಂಟು.

ಬೈಕು ಮಾರಿ ಎಂದು ಮಗಳು ಮನ್ವಿತಾ ಉಡುಪಿಯಿಂದ ದಿನಾ ಫೋನು ಮಾಡುತ್ತಾಳೆ. ಫೆಬ್ರವರಿ ಒಂಬತ್ತು ನಮ್ಮ ಮದುವೆಯ ದಿನ. ಅಷ್ಟರೊಳಗೆ ಅಮ್ಮ ಹಿಂದೆ ಕೂರದಿದ್ದರೆ ಮಾರುತ್ತೇನೆಂದು ಮಾತು ಕೊಟ್ಟಿದ್ದೇನೆ. ಮೂವತ್ತು ವರ್ಷ ಎಡಭುಜದ ಮೇಲೆ ಅವಳ ಕೈ ಇತ್ತು. ಈಗ ಒಬ್ಬನೇ ಹೋಗುವಾಗ ಗಾಡಿಯೇ ಬಲಕ್ಕೆ ವಾಲಿದಂತಾಗುತ್ತದೆ.

ಅವಳ ಬೆನ್ನಿಗೆ ತಾಗದ ಹಾಗೆ ಈ ಗಾಡಿಯನ್ನು ಮಾಡಲಿಕ್ಕೆ ಆಗುತ್ತದಾ? ಕೆಲಸ ನಾನೇ ಮನೆಯಲ್ಲಿ ಮಾಡುತ್ತೇನೆ, ನೀನು ಹೇಳಿಕೊಟ್ಟರೆ ಸಾಕು. ನನ್ನ ತೂಕ ಎಪ್ಪತ್ತೆರಡು, ಅವಳದು ಐವತ್ತು. ಅವಳಿಗೆ ಹೇಳಿಲ್ಲ.

ಮೋಹನದಾಸ

*

ತೊಕ್ಕೊಟ್ಟು
13 ನವೆಂಬರ್ 2024

ಮೋಹನದಾಸರಿಗೆ,

ತಮ್ಮ ಕಾಗದ ತಲುಪಿತು. ಸೇತುವೆಯ ಆಚೆಯಿಂದ ಈಚೆಗೆ ಬರಲು ನಾಲ್ಕು ದಿನ ತೆಗೆದುಕೊಂಡಿದೆ. ತಮಗೇ ಹದಿನೇಳು ವರ್ಷ ಬೇಕಾದಾಗ ಅಂಚೆಯವರನ್ನು ದೂರಿ ಪ್ರಯೋಜನವಿಲ್ಲ.

ಹೀಗೆ ಬಹುವಚನದಲ್ಲಿ ಸುರು ಮಾಡಿದೆ, ಕೈಗೆ ಹಿಡಿಸುವುದಿಲ್ಲ. ಇನ್ನು ನೀನು ಎಂದೇ ಬರೆಯುತ್ತೇನೆ.

ಹಳೆಯ ವಿಷಯ ನೀನು ತೆಗೆದಿಲ್ಲ, ನಾನೂ ತೆಗೆಯುವುದಿಲ್ಲ. ಕೆಸರಿನ ಬೈಕ್ ರೇಸಿನಲ್ಲಿ, ಅದೂ ನಲವತ್ತು ದಾಟಿದವರ ವಿಭಾಗದಲ್ಲಿ, ದಿಬ್ಬ ಹಾರಿ ಬಿದ್ದವನು ನೀನು. ಹೆಗಲೆಲುಬು ಮುರಿದದ್ದು ನಿನ್ನದು. ‘ಉಮರಬ್ಬ ಕಟ್ಟಿದ ಶಾಕಪ್ ನನ್ನನ್ನು ಎಸೆಯಿತು’ ಎಂದು ಮೈಕಿನ ಹತ್ತಿರ ನಿಂತು ಹೇಳಿದವನೂ ನೀನೇ. ಇದು ಯಾವುದನ್ನೂ ನಾನು ಬರೆಯುವುದಿಲ್ಲ.

ಕೆಲಸಕ್ಕೆ ಬರುವ. ಶಾಕಪ್ ಮೆತ್ತಗಿದ್ದಷ್ಟು ಬೆನ್ನಿಗೆ ಸುಖ ಎಂದು ಎಲ್ಲರೂ ತಿಳಿಯುತ್ತಾರೆ. ಹಾಗಲ್ಲ. ತೀರಾ ಮೆತ್ತಗಾದರೆ ಹೊಂಡದಲ್ಲಿ ಅದು ತಳ ಮುಟ್ಟುತ್ತದೆ, ಆ ಹೊಡೆತವೇ ಬೆನ್ನಿಗೆ ಹೋಗುವುದು. ನಿನ್ನ ಗಾಡಿಯ ಹಿಂದಿನ ಚಕ್ರಕ್ಕೆ ಮೇಲೆ ಕೆಳಗೆ ಹೋಗಲು ನೂರು ಮಿಲಿಮೀಟರ್ ಜಾಗ ಉಂಟು. ಇಬ್ಬರೂ ಕೂತಾಗ ಗಾಡಿ ಅದರಲ್ಲಿ ಮೂರರಲ್ಲೊಂದು ಪಾಲು ಇಳಿಯಬೇಕು. ಉಳಿದ ಎರಡು ಪಾಲು ರಸ್ತೆಗೆ ಬಿಟ್ಟದ್ದು. ಈ ಇಳಿತವನ್ನು ಅಳೆಯದೆ ಸ್ಪ್ರಿಂಗು ಆರಿಸುವವನು ಕಣ್ಣು ಕಟ್ಟಿಕೊಂಡು ಅಂಗಿ ಹೊಲಿದ ಹಾಗೆ.

ಮೊದಲು ಗಾಡಿಯನ್ನು ತೊಳೆ. ಆಮೇಲೆ ಖಾಲಿ ಗಾಡಿಯ ಹಿಂಭಾಗವನ್ನು ಎತ್ತಿ ಹಿಡಿದು ಚಕ್ರದ ನಡುವಿನಿಂದ ಸೀಟಿನ ಕೆಳಗಿನ ಬೋಲ್ಟಿನವರೆಗೆ ಅಳೆ. ಮತ್ತೆ ಇಬ್ಬರೂ ಕೂತು ಅಳೆಯಿಸು. ಎರಡರ ವ್ಯತ್ಯಾಸ ನನಗೆ ಬರೆ. ಕೂರುವ ಇಬ್ಬರಲ್ಲಿ ಒಬ್ಬರು ಶಶಿಪ್ರಭಕ್ಕ ಆಗಿರಬೇಕು. ಅವರಿಗೆ ಹೇಳು.

ತೂಕ ಯಾವ ಕಾಟಾದಲ್ಲಿ ನೋಡಿದ್ದು? ಪಣಂಬೂರಿನ ವೇಬ್ರಿಡ್ಜಿನಲ್ಲಿ ಮೂವತ್ತು ವರ್ಷ ಲಾರಿ ತೂಗಿದವನಿಗೆ ಹೀಗೆ ಕೇಳಬಾರದು. ಆದರೂ ಕೇಳಿದ್ದೇನೆ.

ಉಮರಬ್ಬ

*

ಕದ್ರಿ
24 ನವೆಂಬರ್ 2024

ಉಮರಬ್ಬ,

ಗಾಡಿ ತೊಳೆದೆ. ಅದಕ್ಕೆ ನೀಲಿ ಬಣ್ಣ ಇತ್ತೆಂದು ನನಗೇ ಮರೆತುಹೋಗಿತ್ತು.

ಶಶಿಗೆ ಹೇಳಲಿಲ್ಲ. ಹೇಳಿದರೆ ‘ನೋಡುವ’ ಎನ್ನುತ್ತಾಳೆ, ಅಲ್ಲಿಗೆ ಕತೆ ಮುಗಿಯುತ್ತದೆ. ಆದ್ದರಿಂದ ಬುಧವಾರ ಅವಳು ಬೆನ್ನಿನ ವ್ಯಾಯಾಮಕ್ಕೆಂದು ಕ್ಲಿನಿಕ್ಕಿಗೆ ಹೋದ ಹೊತ್ತಿನಲ್ಲಿ ಒಂದು ಉಪಾಯ ಮಾಡಿದೆ. ಅಡುಗೆಮನೆಯಲ್ಲಿ ಐವತ್ತು ಕಿಲೋ ಕುಚ್ಚಲಕ್ಕಿಯ ಮೂಟೆ ಒಡೆಯದೆ ಇತ್ತು. ಅದನ್ನು ತಂದು ಹಿಂದಿನ ಸೀಟಿನಲ್ಲಿ ಕೂರಿಸಿದೆ. ಜಾರುತ್ತಿತ್ತು. ಶಶಿಯ ಹಳೆಯ ಶಾಲಿನಿಂದ ನನ್ನ ಸೊಂಟಕ್ಕೆ ಕಟ್ಟಿಕೊಂಡೆ.

ತೆಂಗಿನಕಾಯಿ ಕೀಳಲು ಬಂದಿದ್ದ ಲೋಕಯ್ಯ ಎದುರಿನಿಂದ ಹ್ಯಾಂಡಲ್ ಹಿಡಿದ. ಅಳೆಯಲು ಪಕ್ಕದ ಮನೆಯ ಎಲೇನ್ ಬಾಯಿಯನ್ನು ಕರೆದೆ. ಅವರು ಹೊಲಿಗೆಯವರು, ಟೇಪು ಕುತ್ತಿಗೆಯಲ್ಲೇ ಇರುತ್ತದೆ.

‘ಎಂತ ದಾಸಣ್ಣ, ಅಕ್ಕಿಗೆ ಊರು ತೋರಿಸ್ಲಿಕ್ಕುಂಟಾ?’ ಎಂದರು.

‘ಇದು ಶಶಿ ಅಂತ ತಿಳ್ಕೊಳ್ಳಿ.’

‘ಶಶಿಯಕ್ಕನಿಗೆ ಗೊತ್ತಾದ್ರೆ ಈ ಮೂಟೆ ನಿಮ್ಮ ತಲೆ ಮೇಲೆ ಇರ್ತದೆ.’

ಲೋಕಯ್ಯ ಮೂಟೆಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, ‘ಅಕ್ಕ ಇದಕ್ಕಿಂತ ಸಪುರ ಇದ್ದರು, ಮದುವೆಯಲ್ಲಿ’ ಎಂದ. ಅವನು ನಮ್ಮ ಮದುವೆಗೆ ಚಪ್ಪರ ಹಾಕಿದವನು.

ಇಳಿತ ಅರವತ್ತೊಂದು ಮಿಲಿಮೀಟರ್ ಬಂತು. ಎಡಗಡೆಯ ಶಾಕಪ್ಪಿನಿಂದ ಎಣ್ಣೆಯೂ ಸೋರುತ್ತದೆ. ತೂಕ ನಾನು ಬರೆದದ್ದೇ ಸರಿ.

ಮೋಹನದಾಸ

*

ತೊಕ್ಕೊಟ್ಟು
3 ಡಿಸೆಂಬರ್ 2024

ಮೋಹನದಾಸ,

ನಿನ್ನ ಕಾಗದವನ್ನು ಹೆಂಡತಿ ಮುಮ್ತಾಝ್‌ಗೆ ಓದಿ ಹೇಳಿದೆ. ಅವಳು ನಕ್ಕು ನಕ್ಕು ಒಲೆಯ ಮೇಲಿದ್ದ ಹಾಲು ಉಕ್ಕಿತು. ಹಾಲಿನ ತಪ್ಪು ನಿನ್ನದು.

ಅಕ್ಕಿ ಸುಮ್ಮನೆ ಕೂರುತ್ತದೆ. ಮನುಷ್ಯರು ರಸ್ತೆಯಲ್ಲಿ ಹಂಪು ಕಂಡಾಗ ಉಸಿರು ಹಿಡಿಯುತ್ತಾರೆ, ಮುಂದಿನವನ ಭುಜ ಒತ್ತುತ್ತಾರೆ, ಹಿಂದಕ್ಕೆ ವಾಲುತ್ತಾರೆ. ಮೂಟೆಗೆ ಬೆನ್ನಿಲ್ಲ, ಹೆದರಿಕೆಯೂ ಇಲ್ಲ. ಇದನ್ನು ನೆನಪಿಡು.

ಹಳೆಯದನ್ನು ರಿಪೇರಿ ಮಾಡಿ ಪ್ರಯೋಜನವಿಲ್ಲ. ಸುಹೈಬನ ಕೈಯಲ್ಲಿ ಹೊಸ ಶಾಕಪ್ ಜೋಡಿ ಕಳಿಸಿದ್ದೇನೆ. ಎರಡನ್ನೂ ಒಟ್ಟಿಗೆ ಬಿಚ್ಚಬೇಡ, ಗಾಡಿ ಕುಸಿದು ಕೂರುತ್ತದೆ. ಒಂದು ಬದಿಯದನ್ನು ಬಿಚ್ಚಿ ಹೊಸದು ಹಾಕಿ ಬಿಗಿ ಮಾಡಿದ ಮೇಲೆಯೇ ಇನ್ನೊಂದು ಬದಿ. ಕೆಳಗೆ ಒಂದು ರಿಂಗು ಉಂಟು. ಅದನ್ನು ತಿರುಗಿಸಿದರೆ ಸ್ಪ್ರಿಂಗು ಬಿಗಿಯಾಗಿ ಇಳಿತ ಕಡಿಮೆಯಾಗುತ್ತದೆ. ಅದರ ಪಕ್ಕದ ತಿರುಪು, ಕುಗ್ಗಿದ ಸ್ಪ್ರಿಂಗು ಎಷ್ಟು ಬೇಗ ಮೇಲೆ ಬರಬೇಕೆಂದು ಹೇಳುವಂಥದ್ದು. ನಾಯಿ ಹಾರಿದ ಹಾಗೆ ಹಾರಬಾರದು, ಎಮ್ಮೆ ಎದ್ದ ಹಾಗೆ ನಿಧಾನವೂ ಆಗಬಾರದು. ಮುಂದಿನ ಚಕ್ರ ಹಿಡಿದಿರುವ ಫೋರ್ಕಿನ ಎಣ್ಣೆ ಬದಲಿಸು, ಎರಡು ಬದಿಗೂ ಒಂದೇ ಅಳತೆ.

ಇನ್ನೊಂದು. ಫೋರ್ಕಿನ ಹೊಳೆಯುವ ಕೊಳವೆಗೆ ಒಂದು ಪ್ಲಾಸ್ಟಿಕ್ ಟೈ ಕಟ್ಟು. ಹೊಂಡಕ್ಕೆ ಇಳಿದಾಗ ಅದು ಮೇಲಕ್ಕೆ ಸರಿದು ಅಲ್ಲೇ ನಿಲ್ಲುತ್ತದೆ. ಎಷ್ಟು ಜೋರು ಹೊಡೆತ ಬಿತ್ತೆಂದು ಮನೆಗೆ ಬಂದ ಮೇಲೂ ಅದು ಹೇಳುತ್ತದೆ. ಕೊಳವೆಯ ತುದಿಗೆ ಮುಟ್ಟಿದ್ದರೆ ಫೋರ್ಕು ತಳ ಹೊಡೆದಿದೆ ಎಂದು ಲೆಕ್ಕ.

ಸ್ಪ್ರಿಂಗನ್ನು ಎಪ್ಪತ್ತೆರಡು ಮತ್ತು ಐವತ್ತಕ್ಕೆ ನೋಡಿ ಹಾಕಿದ್ದೇನೆ. ನೀನು ಬರೆದ ತೂಕ ಸರಿಯಾಗಿದ್ದರೆ ಮೂವತ್ತಮೂರು ಇಳಿಯುತ್ತದೆ.

ಉಮರಬ್ಬ

*

ಕದ್ರಿ
16 ಡಿಸೆಂಬರ್ 2024

ಉಮರಬ್ಬ,

ಎರಡು ಬೆಳಗು, ಒಂದು ಸಂಜೆ. ಕೈ ತುಂಬ ಗ್ರೀಸು. ಕೊನೆಯ ನಟ್ಟು ಬಿಗಿಯಾದಾಗ ನನಗೆ ನಲವತ್ತರ ಪ್ರಾಯ. ಸೀಟನ್ನು ಅಂಗೈಯಲ್ಲಿ ಒತ್ತಿ ಬಿಟ್ಟೆ. ನೀನು ಹೇಳಿದ ಹಾಗೆ ನಾಯಿಯೂ ಅಲ್ಲ, ಎಮ್ಮೆಯೂ ಅಲ್ಲ. ಒಂದೇ ಉಸಿರಿನಲ್ಲಿ ಎದ್ದು ನಿಂತಿತು.

ಮೂಟೆಯ ಜೊತೆ ಅಳೆದಾಗ ನಲವತ್ತೊಂದು ಬಂತು, ಮೂವತ್ತಮೂರಲ್ಲ. ರಿಂಗನ್ನು ಕೊನೆಯವರೆಗೆ ತಿರುಗಿಸಿ ಮೂವತ್ತಾರಕ್ಕೆ ತಂದೆ. ಮೂಟೆಯನ್ನು ಕಟ್ಟಿಕೊಂಡು ದೇವಸ್ಥಾನದ ಏರು ಹತ್ತಿ, ಪಾರ್ಕಿನ ಸುತ್ತ ಹೋಗಿ ಬಂದೆ. ಹಂಪುಗಳು ಇದ್ದದ್ದೇ ಗೊತ್ತಾಗಲಿಲ್ಲ. ಪಾರ್ಕಿನ ಎದುರು ಕಬ್ಬಿನ ಹಾಲಿನವನು ‘ಅಣ್ಣ, ಹಿಂದಿನವರಿಗೂ ಒಂದು ಗ್ಲಾಸಾ?’ ಎಂದು ಕೇಳಿದ.

ಭಾನುವಾರ ಶಶಿಗೆ ಎಲ್ಲ ಹೇಳಿದೆ. ಅವಳಿಗೆ ಮೊದಲೇ ಗೊತ್ತಿತ್ತು. ಮೂಟೆಯ ಮೇಲೆ ಗ್ರೀಸಿನ ಬೆರಳಚ್ಚು ಕಂಡಿದ್ದಳಂತೆ. ನಕ್ಕಳು. ಬಂದು ಕೂತಳು ಕೂಡ, ಉಮರಬ್ಬ, ಎರಡು ವರ್ಷದ ಮೇಲೆ. ಭುಜದ ಮೇಲೆ ಕೈ ಇಟ್ಟಳು. ಎಲೇನ್ ಬಾಯಿ ಟೇಪು ಹಿಡಿದರು. ಐವತ್ತೆಂಟು.

‘ನಿಮ್ಮ ಟೇಪು ಸರಿ ಇಲ್ಲ’ ಎಂದೆ.

‘ಮೂವತ್ತು ವರ್ಷದಿಂದ ಈ ಅಳತೆಯಲ್ಲೇ ಹೊಲಿದದ್ದು, ಒಂದು ರವಿಕೆ ಬಿಗಿ ಆಗ್ಲಿಲ್ಲ’ ಎಂದು ಅವರು ಮುಖ ತಿರುಗಿಸಿದರು. ಮತ್ತೆ ಅಳೆಯಿಸಿದೆ. ಐವತ್ತೆಂಟೇ. ಅಷ್ಟರಲ್ಲಿ ಶಶಿ ಇಳಿದು ‘ನನಗೆ ಆಗುವುದಿಲ್ಲ, ಬಿಡಿ’ ಎಂದು ಒಳಗೆ ಹೋದಳು. ಬೆನ್ನು ನೋಯಿತಾ ಎಂದು ಕೇಳಿದೆ. ಇಲ್ಲವಂತೆ. ಮತ್ತೆ ಎಂತ ಆಯಿತೆಂದು ನನಗೆ ತಿಳಿಯುವುದಿಲ್ಲ.

ಇನ್ನು ಎಂಟು ವಾರವೂ ಇಲ್ಲ. ಸಮಾ ಇದ್ದ ಟೇಪು ಎಲ್ಲಿ ಸಿಗುತ್ತದೆ?

ಮೋಹನದಾಸ

*

ಕದ್ರಿ
20 ಡಿಸೆಂಬರ್ 2024

ಉಮರಬ್ಬಣ್ಣನಿಗೆ ಶಶಿಪ್ರಭಾಳ ನಮಸ್ಕಾರ.

ನಿಮ್ಮ ವಿಳಾಸವನ್ನು ಅವರ ಮೇಜಿನಿಂದ ಕದ್ದಿದ್ದೇನೆ. ಉತ್ತರ ಬರೆಯುವುದಾದರೆ ಪಕ್ಕದ ಎಲೇನ್ ಬಾಯಿಯ ಮನೆಗೆ ಕಳಿಸಿ.

ಟೇಪು ಸಮಾ ಉಂಟು. ನನ್ನ ತೂಕ ಐವತ್ತಲ್ಲ, ಅರವತ್ತೆಂಟು. ಕ್ಲಿನಿಕ್ಕಿನಲ್ಲಿ ತಿಂಗಳಿಗೊಮ್ಮೆ ನೋಡುತ್ತಾರೆ. ಮನ್ವಿತಾ ಹುಟ್ಟಿದ ಮೇಲೆ ನಾನು ಐವತ್ತನ್ನು ಕಂಡದ್ದಿಲ್ಲ, ಎಂಟು ತಿಂಗಳು ಮಲಗಿದ ಮೇಲೆ ಕೇಳುವುದೇ ಬೇಡ. ಅವರು ಮಾತ್ರ, ಮದುವೆಯಾಗಿ ನಾನು ಅಂಗಳಕ್ಕೆ ಕಾಲಿಟ್ಟ ದಿನದ ಹುಡುಗಿಯನ್ನೇ ಹಿಂದೆ ಕೂರಿಸಿಕೊಂಡು ತಿರುಗುತ್ತಿದ್ದಾರೆ.

ನನ್ನ ಜಾಗದಲ್ಲಿ ಅಕ್ಕಿಮೂಟೆಯನ್ನು ಕೂರಿಸಿದ್ದಕ್ಕೆ ಬೇಜಾರಿಲ್ಲ. ಆ ಅಕ್ಕಿ ಈಗ ಅನ್ನವಾಗುತ್ತಾ ಉಂಟು, ಬಡಿಸುವಾಗ ‘ಇದು ಊರು ನೋಡಿ ಬಂದ ಅಕ್ಕಿ’ ಎನ್ನುತ್ತೇನೆ. ಆದರೆ ಮೊನ್ನೆ ಗಾಡಿ ಕೆಳಗೆ ಹೋದಾಗ ಅವರು ನನ್ನನ್ನು ಅನುಮಾನಿಸಲಿಲ್ಲ, ಟೇಪನ್ನು ಬೈದರು. ನನಗೆ ತಾಗಿದ್ದು ಅದು. ಅರವತ್ತೆಂಟು ಎಂದು ಅಲ್ಲೇ ಹೇಳಬಹುದಿತ್ತು. ಆದರೆ ಅವರು ಅಷ್ಟು ಖುಷಿಯಲ್ಲಿ ಇಟ್ಟುಕೊಂಡ ಲೆಕ್ಕವನ್ನು ಹೇಗೆ ಹೊಡೆದು ಹಾಕುವುದು?

ನನಗೆ ಹತ್ತಬೇಕೆಂದು ಆಸೆ ಉಂಟು ಅಣ್ಣ. ಸಂಜೆ ಗಾಡಿಯ ಸದ್ದು ಕೇಳುವಾಗ ಕಾಲು ತಾನಾಗಿ ಅಂಗಳಕ್ಕೆ ಹೋಗುತ್ತದೆ. ಅವರಿಗೆ ಹೇಳದೆ ಎಂತಾದರೂ ಮಾಡಲಿಕ್ಕೆ ಆದರೆ ಮಾಡಿ.

ಮುಮ್ತಾಝ್‌ಗೆ ನನ್ನ ನೆನಪು ಹೇಳಿ. ಅವಳ ಕೈಯ ಪತ್ತಿರ್ ತಿಂದು ಹದಿನೇಳು ವರ್ಷ ಆಯಿತು. ಗಂಡಸರು ಜಗಳ ಮಾಡಿದರೆ ರೊಟ್ಟಿ ನಮಗೆ ಯಾಕೆ ತಪ್ಪಬೇಕು?

ಶಶಿಪ್ರಭಾ

*

ತೊಕ್ಕೊಟ್ಟು
27 ಡಿಸೆಂಬರ್ 2024

ಶಶಿಪ್ರಭಕ್ಕ,

ನೀವು ಬರೆದ ಅಂಕಿಯನ್ನು ಓದಿದೆ, ಮರೆತೆ. ಸ್ಪ್ರಿಂಗಿಗೆ ಮಾತ್ರ ಹೇಳಿದ್ದೇನೆ. ಅದು ಯಾರಿಗೂ ಹೇಳುವುದಿಲ್ಲ.

ಉಮರಬ್ಬ

*

ತೊಕ್ಕೊಟ್ಟು
27 ಡಿಸೆಂಬರ್ 2024

ಮೋಹನದಾಸ,

ಎಲೇನ್ ಬಾಯಿಯ ಹತ್ತಿರ ಕ್ಷಮೆ ಕೇಳು. ಟೇಪಿನ ತಪ್ಪಲ್ಲ, ನನ್ನ ತಪ್ಪು. ಬೇರೆ ಗಾಡಿಗೆಂದು ಇಟ್ಟಿದ್ದ ಸಪುರ ಸ್ಪ್ರಿಂಗನ್ನು ಕಣ್ಣು ಸರಿ ಕಾಣದೆ ನಿನಗೆ ಕಳಿಸಿದ್ದೆ. ಸುಹೈಬನ ಕೈಯಲ್ಲಿ ದಪ್ಪದ್ದು ಕಳಿಸಿದ್ದೇನೆ, ಇದನ್ನು ಹಾಕು.

ಹಾಕುವ ಮೊದಲು ಒಂದು ಕೆಲಸ. ನಿನ್ನ ತೂಕವನ್ನು ಹೊಸದಾಗಿ ನೋಡು. ಜನ್ಮದಲ್ಲಿ ಮೂರನೆಯ ಸಲ ಕೇಳುತ್ತಿದ್ದೇನೆ.

ಉಮರಬ್ಬ

*

ಕದ್ರಿ
9 ಜನವರಿ 2025

ಪ್ರಿಯ ಉಮರಬ್ಬ,

ಈ ಸಲ ಹೊಡೆದು ಹಾಕಲಿಲ್ಲ.

ನೀನು ಮೊದಲು ಕಳಿಸಿದ ಸ್ಪ್ರಿಂಗಿನ ಮೇಲೆ ನಿನ್ನದೇ ಅಕ್ಷರದಲ್ಲಿ ‘ದಾಸ, 72+50’ ಎಂದು ಬಿಳಿ ಬಣ್ಣದಲ್ಲಿ ಬರೆದಿತ್ತು. ಬೇರೆ ಗಾಡಿಯದಲ್ಲ. ಮಾಡದ ತಪ್ಪನ್ನು ನಿನ್ನದೆಂದು ಯಾಕೆ ಬರೆದೆ ಎಂದು ಎರಡು ದಿನ ಯೋಚಿಸಿದೆ. ಮೂರನೆಯ ದಿನ ಪಣಂಬೂರಿಗೆ ಹೋದೆ.

ನನ್ನ ಹಳೆಯ ವೇಬ್ರಿಡ್ಜಿನಲ್ಲಿ ಈಗ ಶಫೀಕ್ ಎಂಬವನು ಕೂರುತ್ತಾನೆ. ‘ಸರ್, ಇದು ಹತ್ತರ ಲೆಕ್ಕದಲ್ಲಿ ತೋರಿಸ್ತದೆ, ನಿಮಗೆ ಎಂಬತ್ತು ಬೇಕಾ ತೊಂಬತ್ತು ಬೇಕಾ?’ ಎಂದ. ಮರ್ಯಾದೆಯಿಂದ ಇಳಿದು ಅಕ್ಕಿ ಅಂಗಡಿಯ ಕಾಟಾದ ಮೇಲೆ ನಿಂತೆ. ಎಂಬತ್ತನಾಲ್ಕು.

ಆ ರೇಸಿನ ದಿನ ನೀನು ಕೇಳಿದಾಗ ಅರವತ್ತೆಂಟು ಎಂದಿದ್ದೆ. ಹಿಂದಿನ ಸಂಜೆಯೇ ನೋಡಿದ್ದೆ, ಎಪ್ಪತ್ತೇಳು ಇತ್ತು. ಸುತ್ತ ಎಲ್ಲರೂ ನಿಂತಿದ್ದರು, ಹೊಟ್ಟೆ ಒಳಗೆ ಎಳೆದುಕೊಂಡು ಬಾಯಿಗೆ ಬಂದದ್ದು ಹೇಳಿದೆ. ನೀನು ಅರವತ್ತೆಂಟಕ್ಕೆ ಕಟ್ಟಿಕೊಟ್ಟೆ, ದಿಬ್ಬದಿಂದ ಇಳಿದದ್ದು ಎಪ್ಪತ್ತೇಳು. ನನ್ನನ್ನು ಎಸೆದದ್ದು ನಿನ್ನ ಶಾಕಪ್ ಅಲ್ಲ, ನನ್ನ ಒಂಬತ್ತು ಕಿಲೋ. ಬಿದ್ದ ಕೂಡಲೇ ನನಗೆ ಗೊತ್ತಿತ್ತು. ಮೈಕಿನ ಎದುರು ಇದನ್ನು ಹೇಳಲಿಕ್ಕೆ ಆಗದೆ ನಿನ್ನ ಹೆಸರು ಹೇಳಿದೆ. ಮೂವತ್ತು ವರ್ಷದಲ್ಲಿ ಒಂದು ಲಾರಿಯವನಿಗೂ ತೂಕ ತಪ್ಪಿ ಹೇಳಿದವನಲ್ಲ ನಾನು.

ನನ್ನಿಂದ ತಪ್ಪಾಯಿತು, ಉಮರಬ್ಬ.

ಮುಖ್ಯ ರಸ್ತೆಯ ಅಂಗಡಿಯಿಂದ ಎಲೇನ್ ಬಾಯಿಗೆ ಹೊಸ ಟೇಪು ತಂದು ಕೊಟ್ಟೆ. ‘ಹಳೆಯದು ಸರಿ ಉಂಟು ಅಂತ ಮೊದಲು ಹೇಳಿ’ ಎಂದರು. ಹೇಳಿದೆ.

ದಪ್ಪ ಸ್ಪ್ರಿಂಗು ಯಾರ ತೂಕಕ್ಕೆ ಎಷ್ಟು ನೋಡಿ ಕಳಿಸಿದ್ದೀಯೆಂದು ನಾನು ಕೇಳುವುದಿಲ್ಲ. ಕಳೆದ ತಿಂಗಳು ಮೇಜಿನ ಮೇಲೆ ನಿನ್ನ ವಿಳಾಸವಿದ್ದ ಒಂದು ಲಕೋಟೆ ಕಡಿಮೆ ಇತ್ತು.

ಮೋಹನ

*

ತೊಕ್ಕೊಟ್ಟು
18 ಜನವರಿ 2025

ಮೋಹನ,

ನನಗೂ ಅವತ್ತೇ ಗೊತ್ತಿತ್ತು. ಬಿದ್ದ ಗಾಡಿಯನ್ನು ನಾನೇ ಬಿಚ್ಚಿದ್ದು. ಶಾಕಪ್ಪಿನ ಗುರುತು ನೋಡಿದರೆ ಎಷ್ಟು ಭಾರ ಬಿತ್ತೆಂದು ಓದಬಹುದು. ಅಲ್ಲೇ ಹೇಳಿದ್ದರೆ ಮೈದಾನ ಇಡೀ ನಿನ್ನ ಹೊಟ್ಟೆ ನೋಡಿ ನಗುತ್ತಿತ್ತು. ಎಲುಬು ಮುರಿದವನಿಗೆ ಅದೂ ಯಾಕೆ ಎಂದು ಸುಮ್ಮನಿದ್ದೆ. ನಾಳೆ ಬಂದು ಅವನೇ ಹೇಳುತ್ತಾನೆ ಎಂದುಕೊಂಡೆ. ನಾಳೆ ಸ್ವಲ್ಪ ತಡವಾಯಿತು.

ನನ್ನದೂ ತಪ್ಪುಂಟು. ಅರವತ್ತೆಂಟು ಎಂದಾಗ ನಿನ್ನನ್ನು ಕಾಟಾದ ಮೇಲೆ ನಿಲ್ಲಿಸಬೇಕಿತ್ತು. ಗೆಳೆಯ ಬೇಜಾರು ಮಾಡಿಕೊಳ್ಳುತ್ತಾನೆಂದು ಬಿಟ್ಟೆ. ಮೆಕ್ಯಾನಿಕ್ ಹಾಗೆ ಬಿಡಬಾರದು.

ನಿನ್ನ ಎಂಬತ್ತನಾಲ್ಕಕ್ಕೆ ಈ ಸ್ಪ್ರಿಂಗು ಸಾಕು. ಮೂಟೆ ಸರಿಯಾಗಿ ಐವತ್ತೇ ಇದ್ದರೂ ನಲವತ್ತೊಂದು ಬಂದದ್ದು ನೋಡಿಯೇ ನಿನ್ನ ಪಾಲನ್ನೂ ಸೇರಿಸಿದ್ದೆ. ರಿಂಗನ್ನು ಮೂರನೆಯ ಗೆರೆಗೆ ಇಡು. ತಿರುಪನ್ನು ಪೂರ್ತಿ ಬಿಗಿ ಮಾಡಿ ಏಳು ಕ್ಲಿಕ್ ಹಿಂದಕ್ಕೆ ತಾ. ಅಕ್ಕಿ ಬೇಡ, ಶಶಿಪ್ರಭಕ್ಕನನ್ನೇ ಕೂರಿಸಿ ಅಳೆಯಿಸು. ಸರಿ ಬಂದರೆ ಮೊದಲು ಕದ್ರಿಯಲ್ಲೇ ನಾಲ್ಕು ದಿನ ಮೆಲ್ಲ ತಿರುಗಿ. ಬೆನ್ನಿಗೆ ಎಂತದೂ ಆಗದಿದ್ದರೆ ಫೆಬ್ರವರಿ ಒಂಬತ್ತಕ್ಕೆ ಸೇತುವೆ ದಾಟಿ ಬನ್ನಿ. ಮುಮ್ತಾಝ್ ಈಗಲೇ ಕೋಳಿಯ ಮಾತು ಸುರು ಮಾಡಿದ್ದಾಳೆ.

ಉಮರಬ್ಬ

*

ಕದ್ರಿ
11 ಫೆಬ್ರವರಿ 2025

ಪ್ರೀತಿಯ ಉಮರಬ್ಬಣ್ಣ ಮತ್ತು ಮುಮ್ತಾಝ್,

ಮೊನ್ನೆ ಅಷ್ಟು ಮಾತಾಡಿದ ಮೇಲೂ ಕಾಗದ ಯಾಕೆ ಎನ್ನಬೇಡಿ. ಅಣ್ಣನಿಗೆ ಅರ್ಧ ಕೇಳಿರಲಿಕ್ಕಿಲ್ಲ, ಉಳಿದರ್ಧಕ್ಕೆ ನಮ್ಮವರು ಬಿಡಲಿಲ್ಲ.

ಹೊರಡುವ ಮೊದಲು ಎಲೇನ್ ಹಳೆಯ ಟೇಪಿನಲ್ಲೇ ಅಳೆದರು. ಮೂವತ್ತನಾಲ್ಕು. ‘ಈಗ ಟೇಪು ಸರಿಯಾಯ್ತಲ್ಲ’ ಎಂದರು. ಹೆಲ್ಮೆಟ್ ಹಾಕಿ ಹತ್ತಿದೆ. ನಂತೂರು ಬರುವಾಗ ನಾನು ಉಸಿರು ಹಿಡಿದೆ, ಅವರ ಭುಜವನ್ನು ಜೋರಾಗಿ ಒತ್ತಿದೆ. ಹೊಂಡ ಇದ್ದ ಜಾಗದಲ್ಲಿ ಈಗ ತೇಪೆ ಹಾಕಿದ್ದಾರೆ. ಅದರ ಮೇಲೆ ಗಾಡಿ ಮೆಲ್ಲ ತಲೆಬಾಗಿ ಎದ್ದಿತು, ಹಿರಿಯರಿಗೆ ನಮಸ್ಕಾರ ಮಾಡಿದ ಹಾಗೆ. ಬೆನ್ನು ಎಂತದೂ ಹೇಳಲಿಲ್ಲ. ಸೇತುವೆಯಲ್ಲಿ ಮೊದಲೆಲ್ಲ ಕಾಂಕ್ರೀಟು ಕೂಡುವ ಪ್ರತಿ ಸಂದಿಗೂ ಸೊಂಟಕ್ಕೆ ಒಂದು ಗುದ್ದು ಬೀಳುತ್ತಿತ್ತು. ಈ ಸಲ ನಾನು ಕೆಳಗೆ ಹೊಳೆ ನೋಡಿದೆ. ಮರಳಿನ ದಿಬ್ಬದ ಮೇಲೆ ಕೊಕ್ಕರೆಗಳು ಕೂತಿದ್ದವು. ಎಷ್ಟು ಸಲ ದಾಟಿದ್ದೇನೆ, ಕೊಕ್ಕರೆ ಕಂಡದ್ದು ಮೊದಲ ಸಲ.

ನಿಮ್ಮ ಗೇಟಿನಲ್ಲಿ ಹದಿನೇಳು ವರ್ಷದ ಮೇಲೆ ಇಬ್ಬರು ಗೆಳೆಯರು ಸಿಕ್ಕಿದಾಗ ಎಂತಾಗುತ್ತದೋ ಎಂದು ನನಗೂ ಮುಮ್ತಾಝ್‌ಗೂ ಹೆದರಿಕೆ ಇತ್ತು. ನೀವು ಯಾರ ಮುಖವನ್ನೂ ನೋಡಲಿಲ್ಲ ಅಣ್ಣ. ಸೀದಾ ಬಂದು ಕುಕ್ಕರುಗಾಲಿನಲ್ಲಿ ಕೂತು ಫೋರ್ಕಿನ ಟೈ ನೋಡಿದಿರಿ. ಅದರ ಮೇಲೆ ಬೆರಳಿಟ್ಟು ಇವರಿಗೆ ತೋರಿಸಿದಿರಿ, ತುದಿಗೆ ಇನ್ನೂ ಒಂದು ಬೆರಳು ಜಾಗ ಉಳಿದಿತ್ತು. ಇವರೂ ಪಕ್ಕದಲ್ಲಿ ಕೂತರು. ಇಬ್ಬರೂ ಆ ಒಂದು ಬೆರಳು ಜಾಗವನ್ನು ಮೊಮ್ಮಗುವಿನ ಹಲ್ಲು ನೋಡುವ ಹಾಗೆ ನೋಡಿದಿರಿ. ಪತ್ತಿರ್ ತಣ್ಣಗಾಗುತ್ತದೆ ಎಂದು ಮುಮ್ತಾಝ್ ಮೂರು ಸಲ ಕರೆಯಬೇಕಾಯಿತು.

ಬರುವಾಗ ಸೇತುವೆಯ ನಡುವೆ ಅವರ ಕಿವಿಯ ಹತ್ತಿರ ಬಾಗಿ, ‘ಅರವತ್ತೆಂಟು’ ಎಂದೆ.

‘ಎಂತದು, ಸ್ಪೀಡಾ? ನಲವತ್ತರಲ್ಲಿ ಹೋಗ್ತಾ ಇದ್ದೇನೆ ಮಾರಾಯ್ತಿ.’

‘ನನ್ನ ತೂಕ.’

ಸೇತುವೆ ದಾಟಿಸಿದರು. ಆಮೇಲೆ, ‘ಭುಜಕ್ಕೆ ಯಾವಾಗಲೋ ಗೊತ್ತಾಗಿತ್ತು. ತಲೆಗೆ ಹೇಳಿರಲಿಲ್ಲ’ ಎಂದರು.

ನಿನ್ನೆ ಮನ್ವಿತಾಳಿಗೆ ಫೋನು ಮಾಡಿ ಬೈಕು ಮಾರಲಿಕ್ಕಿಲ್ಲ ಎಂದು ಹೇಳಿದ್ದಾಯಿತು. ಇವತ್ತು ಬೆಳಿಗ್ಗೆ ನೋಡುತ್ತೇನೆ, ಶೆಡ್ಡಿನ ಗೋಡೆಯಲ್ಲಿ ಸೀಮೆಸುಣ್ಣದಿಂದ ಬರೆದಿದ್ದ 72, 50 ಎರಡನ್ನೂ ಒರೆಸಿದ್ದಾರೆ. ಅಲ್ಲಿ ದೊಡ್ಡ ಅಕ್ಷರದಲ್ಲಿ ‘ನಾವು: 152’ ಎಂದು ಉಂಟು. ಯಾರದು ಎಷ್ಟೆಂದು ಯಾಕೆ ಬರೆಯಲಿಲ್ಲ ಎಂದು ಕೇಳಿದೆ.

‘ಲಾರಿಯದ್ದು ಬೇರೆ, ಮಾಲಿನದ್ದು ಬೇರೆ ನೋಡುವುದು ಮಾರುವವರು’ ಎಂದರು. ‘ರಸ್ತೆಗೆ ಹೋಗುವವರಿಗೆ ಒಟ್ಟು ತೂಕ ಸಾಕು.’

ನಿಮ್ಮ
ಶಶಿಪ್ರಭಾ